ಡಿಸೆಂಬರ್ 4ಕ್ಕೆ ನೀರಿಗಿಟ್ಟ ಚೆರ್ರಿ ಕೊಂಬೆ ಕ್ರಿಸ್ಮಸ್‌ಗೆ ಹೂ ಬಿಡುತ್ತದಾ?

ಶಂಕರಪುರ_ಮಲ್ಲಿಗೆ · ಡಿಸೆಂಬರ್ 14, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ ಆಯ್ತಾ.

ನನ್ನ ಮಗಳು ಜೆಕ್ ದೇಶದ ಬ್ರನೋ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಹೋಗಿ ಇನ್ನೂ ಒಂದು ವರ್ಷ ಆಗಿಲ್ಲ. ಒಬ್ಬರು ಅಜ್ಜಿಯ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದಾಳೆ. ಮೊನ್ನೆ 4ನೇ ತಾರೀಕು ಬೆಳಿಗ್ಗೆ ಆ ಅಜ್ಜಿ ಹಿತ್ತಿಲಿನ ಚೆರ್ರಿ ಮರದಿಂದ ಎರಡು ಗೇಣು ಉದ್ದದ ಒಂದು ಕೊಂಬೆ ಕತ್ತರಿಸಿ ತಂದು ಇವಳ ಕೈಗೆ ಕೊಟ್ಟರಂತೆ. ಒಂದು ಎಲೆ ಇಲ್ಲ. ನಾವು ಬಚ್ಚಲೊಲೆಗೆ ಹಾಕುವ ಪುರಳೆಯ ಹಾಗೆ ಉಂಟು, ವಿಡಿಯೋದಲ್ಲಿ ನಾನೇ ನೋಡಿದೆ. ಹತ್ತಿರ ಹಿಡಿದು ತೋರಿಸಿದಳು. ಗೆಣ್ಣು ಗೆಣ್ಣಿಗೆ ಕಂದು ಬಣ್ಣದ ಸಣ್ಣ ಗುಬುಟು, ಕೊತ್ತಂಬರಿ ಕಾಳಿನಷ್ಟು ದೊಡ್ಡದು, ಅಷ್ಟೇ. ಅದನ್ನು ಉಪ್ಪಿನಕಾಯಿಯ ಖಾಲಿ ಬಾಟ್ಲಿಯಲ್ಲಿ ನೀರು ತುಂಬಿಸಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಾಳೆ. ಸರಿ ಕೆಳಗೇ ಹೀಟರ್.

4ನೇ ತಾರೀಕು ಸಂತ ಬಾರ್ಬರಾಳ ದಿನವಂತೆ. ಕೊಂಬೆಗೂ ಅವಳದೇ ಹೆಸರು, ‘ಬಾರ್ಬೊರ್ಕಾ’. 24ರ ರಾತ್ರಿಯೊಳಗೆ ಅರಳಿದರೆ ಹುಡುಗಿಗೆ ವರ್ಷದೊಳಗೆ ಮದುವೆ. ಹಿಂದೆ ಹುಡುಗಿಯರು ನಾಲ್ಕೈದು ಕೊಂಬೆ ಇಟ್ಟು ಒಂದೊಂದಕ್ಕೆ ಒಬ್ಬೊಬ್ಬ ಹುಡುಗನ ಹೆಸರು ಇಡುತ್ತಿದ್ದರಂತೆ. ಯಾವುದು ಮೊದಲು ಅರಳುತ್ತದೋ ಅವನೇ. ನನ್ನ ಮಗಳಿಗೆ 29 ಆಯ್ತು. ನಾನು ಇದನ್ನೆಲ್ಲ ನಂಬುವವಳಲ್ಲ, ಆದರೆ ಈಗ ದಿನಾ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವುದಕ್ಕಿಂತ ಮೊದಲು ಕೊಂಬೆ ಹೇಗುಂಟು ಅಂತ ಕೇಳುತ್ತೇನೆ.

ನಾನು ಮಲ್ಲಿಗೆ ಗಿಡ ನೋಡಿಕೊಂಡು 22 ವರ್ಷ ಆಯ್ತು. ನಮ್ಮಲ್ಲಿ ಡಿಸೆಂಬರ್ ಚಳಿ ಶುರುವಾದರೆ ಮೊಗ್ಗು ಕಡಿಮೆ, ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ದರ ಜಾಸ್ತಿ. ಬೆಳಿಗ್ಗೆ 20 ಡಿಗ್ರಿ ಆದರೇ ಗಿಡ ಮುದುಡುತ್ತದೆ. ಅಲ್ಲಿ ಸೊನ್ನೆ ಡಿಗ್ರಿಯಲ್ಲಿ ನಿಂತ ಮರದ ಒಣ ಕಡ್ಡಿ ಹೇಗೆ ಹೂ ಬಿಡುವುದು? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಇನ್ನೊಂದು ಉಂಟು. ಅವಳ ಆಫೀಸಿನಲ್ಲಿ ಪೋಲೆಂಡಿನ ಹುಡುಗಿಯೊಬ್ಬಳು ಹೇಳಿದಳಂತೆ: ಬಾರ್ಬರಾ ನೀರಿನ ಮೇಲೆ ಬಂದರೆ ಕ್ರಿಸ್ಮಸ್ ಮಂಜುಗಡ್ಡೆಯ ಮೇಲೆ, ಬಾರ್ಬರಾ ಮಂಜುಗಡ್ಡೆಯ ಮೇಲೆ ಬಂದರೆ ಕ್ರಿಸ್ಮಸ್ ನೀರಿನ ಮೇಲೆ. ಈ ಸಲ 4ನೇ ತಾರೀಕು ಅಲ್ಲಿ ಜಿಟಿಜಿಟಿ ಮಳೆ, ಕೆಸರು. ಹಾಗಾದರೆ ಕ್ರಿಸ್ಮಸ್‌ಗೆ ಹಿಮ ಬೀಳಬೇಕು, ಅಲ್ವಾ? ಆದರೆ ಮನೆಯ ಅಜ್ಜಿ ಹೇಳುವುದು ಬೇರೆ. ‘ನಾ ಸ್ವಾತೋವ್ ಬಾರ್ಬೊರು, ಸಾನ್ಯೆ ದೋ ದ್ವೊರು’. ಅಂದರೆ ಬಾರ್ಬರಾಳ ದಿನಕ್ಕೆ ಹಿಮದ ಮೇಲೆ ಎಳೆಯುವ ಬಂಡಿ ಅಂಗಳಕ್ಕೆ ತರಬೇಕು ಅಂತ. ಬಂಡಿ ಇನ್ನೂ ಅಟ್ಟದಲ್ಲೇ ಜೇಡರ ಬಲೆ ಕಟ್ಟಿಕೊಂಡು ಕೂತಿದೆಯಂತೆ. ಇದರಲ್ಲಿ ಯಾವುದನ್ನು ನಂಬುವುದು ಮಾರಾಯ್ರೆ?

ಬಜ್ಪೆ_ಬಾಯಿ · ಡಿಸೆಂಬರ್ 14, ರಾತ್ರಿ 10:05

ಮಲ್ಲಿಗೆ ಬಾಯಿ, ಯಾಕೆ ನಗುವುದು, ನನಗಂತೂ ಓದಿ ಖುಷಿಯಾಯ್ತು. ಬಾರ್ಬರಾಳ ಕತೆ ನಮ್ಮ ಅಮ್ಮ ಹೇಳುತ್ತಿದ್ದರು. ಅವಳ ಅಪ್ಪ ಅವಳನ್ನು ಗೋಪುರದಲ್ಲಿ ಕೂಡಿ ಹಾಕಿದ್ದ. ಅವಳು ಗುಟ್ಟಾಗಿ ಕ್ರೈಸ್ತಳಾದದ್ದು ಗೊತ್ತಾಗಿ ಹಿಡಿದುಕೊಟ್ಟ. ಸೆರೆಮನೆಗೆ ಎಳೆದುಕೊಂಡು ಹೋಗುವಾಗ ದಾರಿಯಲ್ಲಿ ಚೆರ್ರಿ ಗಿಡದ ಕಡ್ಡಿಯೊಂದು ಅವಳ ಬಟ್ಟೆಗೆ ಸಿಕ್ಕಿಕೊಂಡಿತು. ಅದನ್ನು ಅವಳು ಕುಡಿಯುವ ನೀರಿನಲ್ಲೇ ಇಟ್ಟಳು, ತಲೆ ಕಡಿಯುವ ದಿನ ಅದು ಅರಳಿತು. ಕಡಿದವನೂ ಅಪ್ಪನೇ. ಮನೆಗೆ ಹಿಂತಿರುಗುವಾಗ ಅವನಿಗೆ ಸಿಡಿಲು ಬಡಿಯಿತು.

ಅದಕ್ಕೇ ಸಿಡಿಲು, ಮದ್ದುಗುಂಡು, ಸ್ಫೋಟ ಇದೆಲ್ಲದಕ್ಕೆ ಅವಳ ಮೊರೆ ಹೋಗುವುದು. ಗಣಿಯವರಿಗೂ ಅವಳೇ ಕಾವಲು. ಪೋಲೆಂಡಿನ ಸೈಲೀಶಿಯಾ ಕಡೆ ಕಲ್ಲಿದ್ದಲು ಗಣಿ ಜಾಸ್ತಿ, ಅಲ್ಲಿ 4ನೇ ತಾರೀಕು ಗಣಿ ಕಾರ್ಮಿಕರು ಕಪ್ಪು ಸಮವಸ್ತ್ರ ಹಾಕಿ ಟೊಪ್ಪಿಗೆ ಗರಿ ಸಿಕ್ಕಿಸಿ ಬ್ಯಾಂಡ್ ಸಮೇತ ಪೂಜೆಗೆ ಹೋಗುತ್ತಾರೆ. ಕತೆಗೆ ಇತಿಹಾಸದ ಆಧಾರ ಸಾಲದು ಅಂತ 1969ರಲ್ಲಿ ರೋಮಿನವರು ಅವಳ ಹಬ್ಬವನ್ನು ಮುಖ್ಯ ಪಟ್ಟಿಯಿಂದ ತೆಗೆದರು. ಗಣಿಯವರು ಬಿಟ್ಟರಾ? ಇಲ್ಲ.

ಇನ್ನೊಂದು ಹೇಳುತ್ತೇನೆ. ಕ್ರೊಯೇಶಿಯಾದಲ್ಲಿ 13ನೇ ತಾರೀಕು ಸಂತ ಲೂಸಿಯ ದಿನ ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಹಸಿರು ಪೈರು. ನಡುವೆ ಒಂದು ಮೇಣದಬತ್ತಿ, ಸುತ್ತ ರಿಬ್ಬನ್. ಪೈರು ದಟ್ಟವಾಗಿ ಬಂದರೆ ಮುಂದಿನ ಬೆಳೆ ಒಳ್ಳೆಯದು. ಇದನ್ನು ಕೇಳಿದ ದಿನ ನಾನು ನಮ್ಮ ಮನೆಯ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮುಂದೆ ಸುಮ್ನೆ ನಿಂತುಬಿಟ್ಟೆ! ನಾವೂ ಗೋದಲಿಗೆ ಗದ್ದೆ ಮಾಡಲು ಭತ್ತ, ರಾಗಿ ಮೊಳಕೆ ಹಾಕುವುದಲ್ವಾ? ಆದರೆ ನಮ್ಮ ಸೆಕೆಗೆ 13ಕ್ಕೆ ಹಾಕಿದರೆ ಆಗಲಿಕ್ಕಿಲ್ಲ, ಕ್ರಿಸ್ಮಸ್ ಬರುವಷ್ಟರಲ್ಲಿ ಉದ್ದ ಆಗಿ ಕುರಿಗಳ ಮೇಲೆಯೇ ಬಾಗಿ ಮಲಗುತ್ತದೆ. ನಾನು 16ಕ್ಕೆ ನೆನೆಹಾಕುವುದು. ಹೋದ ವರ್ಷ ಒಂದು ಅಂಗಡಿಯಿಂದ ತಂದ ರಾಗಿ ಮೊಳಕೆಯೇ ಬರಲಿಲ್ಲ, ಕೊನೆಗೆ ಮೇಯುವ ಹಸುವಿನ ಎದುರು ಮರದ ಪುಡಿಗೆ ಹಸಿರು ಬಣ್ಣ ಬಳಿದು ಹರಡಿದೆ. ಮೊಮ್ಮಗಳು ಕೇಳಿದಳು, ಅಜ್ಜಿ, ಹಸು ಇದನ್ನು ತಿಂದರೆ ಸಾಯುವುದಿಲ್ವಾ ಅಂತ.

ನಿಮ್ಮ ಮಗಳಿಗೆ ಕೊಂಬೆ ಕೈಕೊಟ್ಟರೆ ಬೇರೆ ಉಪಾಯವೂ ಉಂಟು. ನವೆಂಬರ್ 29ರ ರಾತ್ರಿ, ಸಂತ ಆಂದ್ರೆಯ ಹಬ್ಬದ ಮುನ್ನಾ ದಿನ, ಪೋಲೆಂಡಿನ ಹುಡುಗಿಯರು ಬೀಗದ ಕೈಯ ತೂತಿನಿಂದ ಕರಗಿದ ಮೇಣವನ್ನು ನೀರಿಗೆ ಹೊಯ್ದು, ಗಟ್ಟಿಯಾದ ಮೇಣದ ನೆರಳು ಗೋಡೆಗೆ ಬೀಳಿಸಿ ಗಂಡನ ಕಸುಬು ಊಹಿಸುತ್ತಾರೆ. ಅಥವಾ ಎಲ್ಲರ ಚಪ್ಪಲಿ ಒಂದರ ಹಿಂದೆ ಒಂದು ಇಟ್ಟು ಬಾಗಿಲ ತನಕ ಸರಿಸುತ್ತಾ ಹೋಗುವುದು, ಯಾರ ಚಪ್ಪಲಿ ಮೊದಲು ಹೊಸ್ತಿಲು ದಾಟುತ್ತದೋ ಅವಳಿಗೆ ಮೊದಲು ಮದುವೆ. ಈ ವರ್ಷದ್ದು ಮುಗಿಯಿತು, ಮುಂದಿನ ವರ್ಷ ನೋಡಿ.

ಹಡಗಿನವ_ಮಲ್ಪೆ · ಡಿಸೆಂಬರ್ 15, ಬೆಳಿಗ್ಗೆ 6:40

ಈ ಬಾರ್ಬರಾ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷ ಅವಳ ಹೆಸರು ಕೇಳಿಕೊಂಡೇ ಐಸ್ ಒಡೆದಿದ್ದೇನೆ.

ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್ ಬಂದರು. ಚಳಿಗಾಲದಲ್ಲಿ ಅಲ್ಲಿ ಬೋರಾ ಅಂತ ಒಂದು ಗಾಳಿ ಬೀಸುತ್ತದೆ. ಹಿಂದಿನ ಗುಡ್ಡದ ಮೇಲಿಂದ ತಣ್ಣನೆಯ ಗಾಳಿ ನೇರ ಬಂದರಿಗೆ ನುಗ್ಗುವುದು. ಅಲೆಯ ತುಂತುರು ರೇಲಿಂಗಿಗೆ ಬಡಿದಲ್ಲೇ ಗಟ್ಟಿ. ಬೆಳಿಗ್ಗೆ ನೋಡಿದರೆ ಬೆರಳು ದಪ್ಪದ ಹಗ್ಗ ತೆಂಗಿನ ಮಡಲಿನ ಬುಡದಷ್ಟು ದಪ್ಪ ಆಗಿರುತ್ತದೆ. ಹಾಗೇ ಬಿಟ್ಟರೆ ಮೇಲ್ಭಾಗ ಭಾರ ಆಗಿ ಹಡಗು ವಾಲುತ್ತದೆ, ಅದಕ್ಕೇ ಮರದ ಸುತ್ತಿಗೆ ಹಿಡಿದು ಎಲ್ಲರೂ ಒಡೆಯಬೇಕು. ನನ್ನನ್ನು ಕಳಿಸಿದ ಏಜೆನ್ಸಿಯವರು ಕೊಟ್ಟ ಜಾಕೆಟ್ ಆಟಿಯ ಮಳೆಗೂ ಸಾಲದು, ಅದು ಬೇರೆ ಕತೆ.

ನಮ್ಮ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ರಷ್ಯಾದವನು. ಒಂದೊಂದು ಏಟಿಗೆ ಒಂದೊಂದು ಹೆಸರು ಹೇಳುತ್ತಿದ್ದ. ವರ್ವಾರ ಮೊಸ್ತಿತ್, ಸಾವ್ವ ಗ್ವೋಜ್ದಿ ಒಸ್ತ್ರಿತ್, ನಿಕೋಲ ಪ್ರಿಬಿವಾಯೆತ್. ವರ್ವಾರ ಅಂದರೆ ಇದೇ ಬಾರ್ಬರಾ. ವರ್ವಾರ ಸೇತುವೆ ಹಾಸುತ್ತಾಳೆ, ಸಾವ್ವ ಮೊಳೆ ಚೂಪು ಮಾಡುತ್ತಾನೆ, ನಿಕೋಲ ಮೊಳೆ ಹೊಡೆಯುತ್ತಾನೆ. ಸೇತುವೆ ಅಂದರೆ ನದಿಯ ಮೇಲಿನ ಐಸು. ಮೂವರ ಹಬ್ಬ ಮೂರು ದಿನ ಸಾಲಾಗಿ ಬರುತ್ತದೆ, ಮೊದಲ ದಿನ ನದಿ ಕಟ್ಟುತ್ತದೆ, ಮೂರನೇ ದಿನಕ್ಕೆ ಗಾಡಿ ಓಡಿಸಬಹುದು ಅಂತ ಲೆಕ್ಕ.

ಅಡುಗೆಭಟ್ಟ ಮಾಂಟೆನೆಗ್ರೊದ ಕೋಟೊರ್ ಊರಿನವನು. ಅವನು ನಕ್ಕು, ನಿಮ್ಮದು ತಪ್ಪು ಅನ್ನುತ್ತಿದ್ದ. ಅವರಲ್ಲಿ ವಾರಿತ್ಸ ಬೇಯಿಸುತ್ತಾಳೆ, ಸಾವಿತ್ಸ ತಣಿಸುತ್ತಾನೆ, ನಿಕೋಲಿತ್ಸ ಚಮಚ ಹಾಕಿ ತಿನ್ನುತ್ತಾನೆ. ಅದೇ ಮೂರು ಸಂತರು, ಅದೇ ಮೂರು ದಿನ. ಸೆರ್ಬ್ ಜನ ಬಾರ್ಬರಾಳ ಹೊತ್ತಿಗೆ ಗೋಧಿ, ಜೋಳ, ಹುರುಳಿಕಾಯಿ ಬೀಜ, ಮನೆಯಲ್ಲಿ ಏನೇನು ಕಾಳು ಉಂಟೋ ಎಲ್ಲ ಒಂದೇ ಪಾತ್ರೆಗೆ ಹಾಕಿ ಬೇಯಿಸುತ್ತಾರೆ, ಅದಕ್ಕೆ ‘ವಾರಿತ್ಸ’ ಅಂತಲೇ ಹೆಸರು. ರಾತ್ರಿ ಇಡೀ ಆರಲು ಬಿಡುವುದು. ಬೆಳಿಗ್ಗೆ ಎದ್ದು ಮೇಲಿನ ಕೆನೆ ಹೇಗೆ ಕಟ್ಟಿದೆ ಅಂತ ನೋಡಿ ಮುಂದಿನ ವರ್ಷ ಹೇಳುವುದು. ನಮ್ಮ ಭಟ್ಟ ಸ್ಟೀಲ್ ಪಾತ್ರೆ ಮೆಸ್ಸಿನ ಟೇಬಲ್ ಮೇಲೆ ತಂದಿಟ್ಟು, ಟಾರ್ಚ್ ಹಾಕಿ ನೋಡಿ, ‘ಫ್ರೈಟ್ ರೇಟ್ (ಸರಕು ಸಾಗಣೆ ದರ) ಏರುತ್ತದೆ’ ಅಂದಿದ್ದ. ರುಚಿ? ಸಕ್ಕರೆ ಹಾಕಿದ ಹುಗ್ಗಿ. ನನಗೆ ಕಾಯಿಹಾಲು ಇಲ್ಲದ ಬೇಜಾರು.

ನಿಕೋಲ ನಾವಿಕರ ಸಂತ, ಹಾಗಾಗಿ ಅವನ ಹಬ್ಬ ನಮ್ಮ ಹಡಗಿನಲ್ಲಿ ಜೋರು. ಸೆರ್ಬರ ಮನೆಮನೆಗೆ ಒಬ್ಬೊಬ್ಬ ಸಂತ ಕುಲದೇವರ ಹಾಗೆ ಇರುತ್ತಾನೆ, ಆ ಹಬ್ಬಕ್ಕೆ ‘ಸ್ಲಾವಾ’ ಅನ್ನುತ್ತಾರೆ, ಅದರಲ್ಲಿ ನಿಕೋಲನ ಮನೆಗಳೇ ಬಹಳ. ಆದರೆ ಕ್ರಿಸ್ಮಸ್ ಮುಂಚಿನ ವ್ರತದ ನಡುವೆ ಬರುವುದರಿಂದ ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ. ಮೀನು ಉಂಟು! ಮೀನು ತಿಂದು ವ್ರತ ಮಾಡುವುದು. ಮಲ್ಪೆಯವರಿಗೆ ಹೇಳಿ ಮಾಡಿಸಿದ ವ್ರತ ಮಾರಾಯ್ರೆ.

ಒಂದು ಮಾತು ಮಲ್ಲಿಗೆ ಬಾಯಿ, ತಾರೀಕು ಮಾತ್ರ ನೋಡಿಕೊಳ್ಳಿ. ರಷ್ಯಾ, ಸೆರ್ಬಿಯಾ ಚರ್ಚುಗಳು ಹಳೇ ಕ್ಯಾಲೆಂಡರಿನವು, ಅವರ ಬಾರ್ಬರಾ ಬರುವುದು 17ಕ್ಕೆ, ಸಾವ್ವ 18, ನಿಕೋಲ 19. ಉಕ್ರೇನಿನ ಹೆಚ್ಚಿನ ಚರ್ಚುಗಳು 2023ರಲ್ಲಿ ಹೊಸದಕ್ಕೆ ಬಂದವು. ಆ ವರ್ಷ ನಮ್ಮ ಮೆಸ್ಸಿನಲ್ಲಿ ಒಡೆಸ್ಸಾದ ಸೆಕೆಂಡ್ ಎಂಜಿನಿಯರ್ ನಿಕೋಲನ ಹಬ್ಬವನ್ನು 6ಕ್ಕೆ ಮಾಡಿದ, ಭಟ್ಟ 19ಕ್ಕೆ. ನಾವು ಎರಡು ಸಲ ಉಂಡೆವು.

ಸುರತ್ಕಲ್_ಸುಮ್ನೆ · ಡಿಸೆಂಬರ್ 15, ಬೆಳಿಗ್ಗೆ 11:20

ಕತೆ ಎಲ್ಲ ಚೆಂದ. ಆದರೆ ಹವಾಮಾನಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದೆಲ್ಲ ಪ್ರಾಸದ ಕೆಲಸ.

ಮೇಲೆ ಬರೆದದ್ದನ್ನೇ ನೋಡಿ. ಬಾರ್ಬೊರು–ದ್ವೊರು. ಮೊಸ್ತಿತ್–ಒಸ್ತ್ರಿತ್. ವಾರಿತ್ಸ ‘ಬೇಯಿಸುತ್ತಾಳೆ’ ಯಾಕೆ? ಅವರ ಭಾಷೆಯಲ್ಲಿ ಬೇಯಿಸು ಅನ್ನುವುದಕ್ಕೆ ‘ವಾರಿ’, ಅಷ್ಟೇ. ಅವಳ ಹೆಸರು ಲೂಸಿ ಆಗಿದ್ದರೆ ಬೇಯಿಸುತ್ತಲೇ ಇರಲಿಲ್ಲ. ನಮ್ಮಲ್ಲೂ ಅದೇ ಕತೆ. ಆರಿದ್ರಾ ಹೊಯ್ದರೆ ದಾರಿದ್ರ್ಯ ಇಲ್ಲ ಅನ್ನುತ್ತಾರೆ. ಪುನರ್ವಸುವಿಗೆ ಅಂಥ ಪ್ರಾಸ ಸಿಗಲಿಲ್ಲ, ಪಾಪ, ಹೊಯ್ದರೂ ಯಾರೂ ಕೇಳುವುದಿಲ್ಲ. ಜೆಕ್ ಜನರದ್ದು ಜೂನ್ 8ಕ್ಕೆ ಇನ್ನೊಂದುಂಟು, ಸಂತ ಮೆದಾರ್ದನ ಟೊಪ್ಪಿ ನಲವತ್ತು ದಿನ ಸೋರುತ್ತದೆ ಅಂತ. ಟೊಪ್ಪಿಗೆ ‘ಕಾಪ್ಯೆ’, ಸೋರುವುದಕ್ಕೆ ‘ಕಪೆ’. ಮುಗಿಯಿತಲ್ಲ?

ನನಗೆ ಇಷ್ಟ ಆದದ್ದು ಒಂದೇ, ಫೆಬ್ರವರಿ 24ರದ್ದು. ಸಂತ ಮತ್ಯೇಯ್ ಐಸ್ ಒಡೆಯುತ್ತಾನೆ, ಐಸ್ ಇಲ್ಲದಿದ್ದರೆ ಮಾಡುತ್ತಾನೆ. ಇದು ತಪ್ಪಾಗಲು ಸಾಧ್ಯವೇ ಇಲ್ಲ. ‘ಕರಾವಳಿಯ ಕೆಲವೆಡೆ ಮಳೆ ಸಾಧ್ಯತೆ’ ಅಂತ ಬರೆಯುವವರು ಇವನ ಶಿಷ್ಯರೇ ಇರಬೇಕು.

ಅಂಬಲಪಾಡಿ_ಮೇಷ್ಟ್ರು · ಡಿಸೆಂಬರ್ 15, ರಾತ್ರಿ 8:50

ಸುರತ್ಕಲ್ ಅವರೇ, ಪ್ರಾಸದ ವಿಷಯ ಒಪ್ಪಿದೆ. ಆದರೆ ಜೂನ್ 8ರ ಉದಾಹರಣೆ ಕೊಟ್ಟು ನೀವೇ ಸಿಕ್ಕಿಬಿದ್ದಿರಿ. ನಮ್ಮ ಮೃಗಶಿರಾ ಮಳೆ ಕೂಡುವುದೂ ಜೂನ್ 7–8ಕ್ಕೇ. ಓದು ಬಾರದ, ಕ್ಯಾಲೆಂಡರ್ ಇಲ್ಲದ ರೈತನಿಗೆ ದಿನ ನೆನಪಿಡಲು ಒಂದು ಗೂಟ ಬೇಕು. ನಾವು ನಕ್ಷತ್ರವನ್ನು ಗೂಟ ಮಾಡಿದೆವು, ಅವರು ಸಂತರನ್ನು ಮಾಡಿದರು. ಪ್ರಾಸ ಗೂಟಕ್ಕೆ ಕಟ್ಟಿದ ಹಗ್ಗ.

ತೊಂದರೆ ಇರುವುದು ಬೇರೆ ಕಡೆ. ಗೂಟವೇ ಜಾರುತ್ತದೆ. 37 ವರ್ಷ ಫಿಸಿಕ್ಸ್ ಪಾಠ ಮಾಡಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಜೆಕ್ ಜನ ಲೂಸಿಯ ಬಗ್ಗೆ ‘ಲುತ್ಸಿಯೆ ನೊತ್ಸಿ ಉಪಿಯೆ’ ಅನ್ನುತ್ತಾರೆ. ಲೂಸಿ ರಾತ್ರಿಯನ್ನು ಗುಟುಕು ಕುಡಿಯುತ್ತಾಳೆ, ಆದರೆ ಹಗಲಿಗೆ ಸೇರಿಸುವುದಿಲ್ಲ. ಲೂಸಿಯ ದಿನ ಡಿಸೆಂಬರ್ 13. ಅತಿ ಉದ್ದದ ರಾತ್ರಿ ಇರುವುದು 21–22ಕ್ಕೆ. ಹಾಗಾದರೆ 13ಕ್ಕೆ ರಾತ್ರಿ ಕಮ್ಮಿ ಆಗುವುದು ಹೇಗೆ? ಆ ಹೆಸರು ಆ ದಿನಕ್ಕೆ ಅಂಟಿಕೊಂಡಿದ್ದು ಜೂಲಿಯನ್ ಕ್ಯಾಲೆಂಡರಿನ ಕಾಲದಲ್ಲಿ. ಆ ಕ್ಯಾಲೆಂಡರಿನ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಉದ್ದ. 11 ನಿಮಿಷ ಏನು ಮಹಾ ಅನ್ನಬೇಡಿ, 128 ವರ್ಷಕ್ಕೆ ಒಂದು ದಿನ ಆಗುತ್ತದೆ. 1300ರ ದಶಕಗಳಲ್ಲಿ ಅತಿ ಉದ್ದದ ರಾತ್ರಿ ಬೀಳುತ್ತಿದ್ದದ್ದು ಸರಿಯಾಗಿ ಲೂಸಿಯ ದಿನಕ್ಕೇ. 1582ರಲ್ಲಿ ಪೋಪ್ ಗ್ರೆಗೊರಿ ಹತ್ತು ದಿನ ಕಿತ್ತುಹಾಕಿದರು. ಅಕ್ಟೋಬರ್ 4ರ ಮರುದಿನ 15. ಪೋಲೆಂಡ್ ಅದೇ ವರ್ಷ ಒಪ್ಪಿತು, ಜೆಕ್ ನಾಡು 1584ರಲ್ಲಿ. ಸೂರ್ಯ 21ಕ್ಕೆ ಬಂದ, ಲೂಸಿ 13ರಲ್ಲೇ ಉಳಿದಳು. ಗಾದೆ ಅವಳ ಜೊತೆಗೇ ಉಳಿಯಿತು.

ಈಗ ರಷ್ಯಾದ ಕಡೆ ಬನ್ನಿ. ಅವರಲ್ಲಿ ಸೂರ್ಯ ತಿರುಗುವ ದಿನಕ್ಕೆ ಸಂತ ಸ್ಪಿರಿದೋನ್. ‘ಸೂರ್ಯ ಬೇಸಿಗೆಗೆ, ಚಳಿಗಾಲ ಕಡುಚಳಿಗೆ’ ಅನ್ನುವುದು ಅವನ ಗಾದೆ. ಅವನ ದಿನ ಹಳೇ ಕ್ಯಾಲೆಂಡರಿನ ಡಿಸೆಂಬರ್ 12. ಲೂಸಿಗೆ ಪಕ್ಕದ ಮನೆ! ರಷ್ಯಾ ಸರಕಾರ ಕ್ಯಾಲೆಂಡರ್ ಬದಲಿಸಿದ್ದು 1918ರಲ್ಲಿ, ಜನವರಿ 31ರ ಮರುದಿನ ಫೆಬ್ರವರಿ 14. ಚರ್ಚು ಬದಲಿಸಲಿಲ್ಲ. ಹಾಗಾಗಿ ಸ್ಪಿರಿದೋನ್ ಈಗ ನಮ್ಮ ಲೆಕ್ಕದ 25ಕ್ಕೆ ಬರುತ್ತಾನೆ. ಒಂದೇ ಸೂರ್ಯನಿಗೆ ಕಟ್ಟಿದ ಇಬ್ಬರಲ್ಲಿ ಒಬ್ಬಳು ಎಂಟು ದಿನ ಮೊದಲು, ಇನ್ನೊಬ್ಬ ಮೂರು ನಾಲ್ಕು ದಿನ ತಡ.

ನಗುವ ಮೊದಲು ನಮ್ಮದನ್ನು ನೋಡಿಕೊಳ್ಳೋಣ. ಉತ್ತರಾಯಣ ಅಂತ ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14–15ಕ್ಕೆ, ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ 24 ದಿನ ಆಗಿರುತ್ತದೆ. ನಾವು ನಕ್ಷತ್ರ ಹಿಡಿದು ಅಳೆಯುತ್ತೇವೆ, ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ, 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಸುಮಾರು 1,700 ವರ್ಷ ಹಿಂದೆ ಎರಡೂ ಒಂದೇ ದಿನ ಇತ್ತು. ನಿಧಾನವಾಗಿ ಮೃಗಶಿರಾ, ಆರಿದ್ರಾ ಎಲ್ಲವೂ ಹೀಗೇ ಮುಂದೆ ಹೋಗುತ್ತಿವೆ. ಆ ಗಾದೆಗಳು ಯಾವ ಶತಮಾನದ ಆರಿದ್ರಾಕ್ಕೆ ಹುಟ್ಟಿದವು ಅಂತ ಮೊದಲು ಕೇಳಬೇಕು, ಆಮೇಲೆ ನಿಜವೋ ಸುಳ್ಳೋ ಹೇಳಬೇಕು.

ಲೂಸಿಯ ಪರವಾಗಿ ಇನ್ನೊಂದು ವಾದ ಇದೆ, ನನಗೆ ಅದೇ ಜಾಸ್ತಿ ಇಷ್ಟ. ರಾತ್ರಿ ಕಮ್ಮಿಯಾದರೆ ಹಗಲು ಜಾಸ್ತಿ ಆಗಲೇಬೇಕು, ದಿನಕ್ಕೆ ಇರುವುದು 24 ಗಂಟೆ ತಾನೇ? ಆದರೆ ರಾತ್ರಿಗೆ ಎರಡು ತುದಿ. ಬ್ರನೋ ಇರುವಷ್ಟು ಉತ್ತರದಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್ 12–13ರ ಸುಮಾರಿಗೆ. ಅಲ್ಲಿಂದ ಸಂಜೆ ಒಂದೊಂದು ಗುಟುಕು ಉದ್ದ ಆಗುತ್ತದೆ. ಬೆಳಗ್ಗಿನ ಕತ್ತಲೆ ಮಾತ್ರ ಹೊಸ ವರ್ಷದ ತನಕ ಹೆಚ್ಚುತ್ತಲೇ ಹೋಗುತ್ತದೆ. ಈಗ ಗಾದೆ ಓದಿ: ರಾತ್ರಿ ಕುಡಿಯುತ್ತಾಳೆ, ಹಗಲಿಗೆ ಸೇರಿಸುವುದಿಲ್ಲ. ನಮ್ಮ ಉಡುಪಿಯಲ್ಲೂ ಇದುಂಟು, ಇನ್ನೂ ಅಗಲವಾಗಿ. ಮಲ್ಪೆಯಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್‌ನಲ್ಲೇ, ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ಕಡೆಗೆ. ವಾಕಿಂಗಿಗೆ ಹೋಗುವವರು ಗಮನಿಸಿ.

ಆಮೇಲೆ ಹಗಲು ಹೇಗೆ ಬೆಳೆಯುತ್ತದೆ ಅಂತ ಅವರ ಗಾದೆ ಕೇಳಿ. ಹೊಸ ವರ್ಷಕ್ಕೆ ಕೋಳಿಯ ಹೆಜ್ಜೆಯಷ್ಟು, ಮೂರು ರಾಯರ ಹಬ್ಬಕ್ಕೆ (ಜನವರಿ 6) ಇನ್ನೊಂದು ಹೆಜ್ಜೆ, ಫೆಬ್ರವರಿ 2ರ ಹ್ರೋಮ್ನಿತ್ಸೆ ಹಬ್ಬಕ್ಕೆ ಒಂದು ಗಂಟೆ ಜಾಸ್ತಿ. ನಾನು ಲೆಕ್ಕ ಹಾಕಿ ನೋಡಿದೆ, ಅಲ್ಲಿ ಫೆಬ್ರವರಿ 2ಕ್ಕೆ ಹಗಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಬೆಳೆದಿರುತ್ತದೆ. ಪಾಸ್.

ಮಲ್ಲಿಗೆಯಮ್ಮ, ನಿಮ್ಮ ಹಿಮದ ಪ್ರಶ್ನೆಗೆ: ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಕ್ರಿಸ್ಮಸ್ ಹೊತ್ತಿಗೆ ಅಟ್ಲಾಂಟಿಕ್ ಕಡೆಯಿಂದ ಬೆಚ್ಚಗಿನ ಪಡುವಣ ಗಾಳಿ ಬಂದು ಇದ್ದ ಹಿಮವೂ ಕರಗುವುದು ಅಲ್ಲಿ ಮಾಮೂಲು. ಜೆಕ್ ಭಾಷೆಯಲ್ಲಿ ಅದಕ್ಕೆ ಹೆಸರೇ ಉಂಟು, ‘ವಾನೋಚ್ನಿ ಒಬ್ಲೇವಾ’, ಕ್ರಿಸ್ಮಸ್ ಕರಗು ಅನ್ನಿ. ಪೋಲೆಂಡಿನ ಗಾದೆಯಲ್ಲಿ ಅರ್ಧ ಯಾಕೆ ಆಗಾಗ ಸರಿ ಬರುತ್ತದೆ ಅಂತ ಈಗ ಗೊತ್ತಾಯ್ತಲ್ಲ. ನಿಮ್ಮ ಪಾಲಿಗೆ ಬಂದದ್ದು ಇನ್ನರ್ಧ.

ಶಂಕರಪುರ_ಮಲ್ಲಿಗೆ · ಡಿಸೆಂಬರ್ 15, ರಾತ್ರಿ 9:30

ಮೇಷ್ಟ್ರೇ, ಎರಡು ಸಲ ಓದಿದೆ. ಕೋಳಿಯ ಹೆಜ್ಜೆ ಮಾತ್ರ ತಲೆಯಲ್ಲಿ ನಿಂತಿತು :)

ಲೂಸಿ ಅಂದ ಕೂಡಲೇ ನೆನಪಾಯ್ತು. ಮೊನ್ನೆ ರಾತ್ರಿ ಮಗಳಿಗೆ ಅಜ್ಜಿ ಹೇಳಿದರಂತೆ, ಅವರ ಚಿಕ್ಕಂದಿನಲ್ಲಿ ಲೂಸಿಯ ಸಂಜೆ ಹೆಂಗಸರು ಬಿಳಿ ಬಟ್ಟೆ ಹೊದ್ದು, ಮುಖಕ್ಕೆ ಉದ್ದ ಕೊಕ್ಕು ಕಟ್ಟಿಕೊಂಡು, ಮಾತೇ ಆಡದೆ ಮನೆಮನೆಗೆ ಬರುತ್ತಿದ್ದರು. ಯಾರಾದರೂ ನೂಲು ತೆಗೆಯುತ್ತಿದ್ದಾರಾ ಅಂತ ನೋಡಲು. ಆ ದಿನ ನೂಲುವ ಹಾಗಿಲ್ಲ. ನನಗೆ ತಕ್ಷಣ ನಮ್ಮ ತುಳುನಾಡಿನ ಕೆಡ್ಡಸ ಹಬ್ಬ ನೆನಪಾಯ್ತು. ನಮ್ಮ ಅಜ್ಜಿ ಆ ಮೂರು ದಿನ ನೆಲಕ್ಕೆ ಹಾರೆ ಮುಟ್ಟಿಸಲು ಬಿಡುತ್ತಿರಲಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ, ಭೂಮಿತಾಯಿ ಮುಟ್ಟಾಗಿದ್ದಾಳೆ ಅಂತ. ಹುರಿದ ಅಕ್ಕಿ ಹುಡಿಗೆ ಬೆಲ್ಲ ಕಾಯಿ ಕಲಸಿ ಕೊಡುತ್ತಿದ್ದರು. ಅಲ್ಲಿ ರಾಟೆಗೆ ರಜೆ, ಇಲ್ಲಿ ಹಾರೆಗೆ. ನಮ್ಮಲ್ಲಿ ಕೊಕ್ಕಿನವರು ಬಂದು ಪರೀಕ್ಷೆ ಮಾಡುತ್ತಿರಲಿಲ್ಲ, ಅಜ್ಜಿಯ ಕಣ್ಣೇ ಸಾಕಿತ್ತು.

ಆದರೆ ಕೊಂಬೆಯ ವಿಷಯ ಯಾರೂ ಹೇಳಲಿಲ್ಲ. 11 ದಿನ ಆಯ್ತು, ಗುಬುಟು ಹಾಗೇ ಉಂಟು.

ಬೆಳ್ಮಣ್_ಕಸಿ · ಡಿಸೆಂಬರ್ 16, ಬೆಳಿಗ್ಗೆ 7:15

ಅಕ್ಕಾ, ಮೊದಲು ಮಗಳಿಗೆ ಫೋನ್ ಮಾಡಿ ಬಾಟ್ಲಿಯನ್ನು ಹೀಟರ್ ಮೇಲಿಂದ ತೆಗೆಯಲು ಹೇಳಿ! ಒಣ ಬಿಸಿ ಗಾಳಿಗೆ ಮೊಗ್ಗು ಒಳಗೇ ಸೀದು ಹೋಗುತ್ತದೆ.

ನಿಮ್ಮ ಮಲ್ಲಿಗೆಗೂ ಚೆರ್ರಿಗೂ ಜಾತಕ ಉಲ್ಟಾ. ಮಲ್ಲಿಗೆ ಹೊಸ ಚಿಗುರು ಬಂದಾಗ ಅದರ ತುದಿಯಲ್ಲೇ ಮೊಗ್ಗು ಕಟ್ಟುತ್ತದೆ, ಅದಕ್ಕೆ ಸೆಕೆ ಬೇಕು. ಚೆರ್ರಿಯ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿ ಆಗಿರುತ್ತದೆ, ಮಗಳು ತೋರಿಸಿದ ಗುಬುಟು ಅದೇ. ಮರ ಅದನ್ನು ಮಲಗಿಸಿ ಇಡುತ್ತದೆ. ಎಚ್ಚರ ಆಗಲು ಮೊದಲು ಕೆಲವು ವಾರ ಚಳಿ ತಾಗಬೇಕು, ಆಮೇಲೆ ಬಿಸಿ ತಾಗಬೇಕು. ಬರೀ ಬಿಸಿಗೆ ಏಳುವುದಿಲ್ಲ, ಎದ್ದರೆ ನವೆಂಬರ್‌ನಲ್ಲಿ ನಾಲ್ಕು ದಿನ ಬಿಸಿಲು ಬಂದಾಗಲೇ ಅರಳಿ ಹಿಮಕ್ಕೆ ಸತ್ತು ಹೋಗುತ್ತಿತ್ತು. ಡಿಸೆಂಬರ್ 4ರ ಹೊತ್ತಿಗೆ ಅಲ್ಲಿ ಚಳಿಯ ಪಾಲು ಹೆಚ್ಚುಕಮ್ಮಿ ಸಿಕ್ಕಿರುತ್ತದೆ. ಬೆಚ್ಚಗಿನ ಕೋಣೆಗೆ ತಂದರೆ ಅರಳಲು ಮೂರು ವಾರ. 4ಕ್ಕೆ 20 ಸೇರಿಸಿ, 24. ಯಾರೋ ಹಿರಿಯರು ಕೊಂಬೆ ಇಟ್ಟು ಇಟ್ಟು ದಿನ ಗೊತ್ತು ಮಾಡಿದ್ದಾರೆ. ಸುರತ್ಕಲ್ ಅವರೇ, ಇಲ್ಲಿ ಪ್ರಾಸ ಇಲ್ಲ ನೋಡಿ.

ಈ ಸಲ ಮಳೆ, ಕೆಸರು ಅಂದಿರಿ, ಅಂದರೆ ಚಳಿ ಸಾಲದೆ ಬಂದಿರಬಹುದು. ಅಂಥ ವರ್ಷ ಅಲ್ಲಿಯವರೇ ಮಾಡುವ ಉಪಾಯ: ಕೊಂಬೆಯನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಡುವುದು, ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆ ಇಡೀ ಮುಳುಗಿಸುವುದು. 11 ದಿನ ಬಿಸಿಯಲ್ಲಿ ಇದ್ದದ್ದನ್ನು ಈಗ ಫ್ರೀಜರಿಗೆ ಹಾಕಬೇಡಿ, ಸ್ನಾನ ಮಾತ್ರ ಮಾಡಿಸಿ. ಬುಡ ಓರೆಯಾಗಿ ಹೊಸದಾಗಿ ಕೊಯ್ಯಿರಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ತಡವಾಗಿದೆ, ಆದರೆ ಸತ್ತಿಲ್ಲ. ಉಗುರಿನಿಂದ ಸಿಪ್ಪೆ ಸ್ವಲ್ಪ ಕೆರೆದು ನೋಡಲಿ, ಒಳಗೆ ಹಸಿರು ಕಂಡರೆ ಜೀವ ಉಂಟು.

ನಮ್ಮಲ್ಲಿ ಈ ಜಾತಿಯದ್ದು ಮಾವು. ಅದಕ್ಕೂ ಹೂ ಕಟ್ಟಲು ಡಿಸೆಂಬರ್–ಜನವರಿಯ ತಂಪು ರಾತ್ರಿ ಬೇಕು. ಮೋಡ ಹಾಕಿ ಸೆಕೆ ಆದ ವರ್ಷ ಬರೀ ಚಿಗುರು.

ಶಂಕರಪುರ_ಮಲ್ಲಿಗೆ · ಡಿಸೆಂಬರ್ 16, ಸಂಜೆ 6:02

ಕೆರೆದು ನೋಡಿದಳು. ಹಸಿರು ಉಂಟು!! ಈಗ ಕೊಂಬೆಗೆ ಬಕೆಟಿನಲ್ಲಿ ಸ್ನಾನ ನಡೆಯುತ್ತಿದೆ. ಅಜ್ಜಿಗೆ ಫ್ರೀಜರ್ ವಿಷಯ ಹೇಳಿದ್ದಕ್ಕೆ, ಅದು ನನಗೂ ಗೊತ್ತು, ಆದರೆ ಹಾಗೆ ಮಾಡಿದರೆ ಬಾರ್ಬರಾಳಿಗೆ ಮೋಸ ಮಾಡಿದ ಹಾಗೆ ಅಂದರಂತೆ.

ಶಂಕರಪುರ_ಮಲ್ಲಿಗೆ · ಡಿಸೆಂಬರ್ 24, ರಾತ್ರಿ 10:40

ಅಲ್ಲಿ ಈಗ ಸಂಜೆ ಆರು ಕಳೆದಿದೆಯಷ್ಟೆ. ಹೊರಗೆ 6 ಡಿಗ್ರಿ, ತುಂತುರು ಮಳೆ. ಬಾರ್ಬರಾಳೂ ಕೆಸರು, ಕ್ರಿಸ್ಮಸ್ಸೂ ಕೆಸರು. ಹಿಮದ ಬಂಡಿ ಅಟ್ಟದಿಂದ ಇಳಿಯಲೇ ಇಲ್ಲ. ಮೇಷ್ಟ್ರು ಗೆದ್ದರು.

ಕೊಂಬೆಯಲ್ಲಿ ಒಟ್ಟು ಒಂಬತ್ತು ಗುಬುಟು ಇತ್ತು. ಆರು ಹಾಗೇ ಉಂಟು. ಎರಡು ಉಬ್ಬಿ ತುದಿಯಲ್ಲಿ ಹಸಿರು ಬಿರುಕು ಬಿಟ್ಟಿದೆ. ಮೇಲಿನ ಒಂದರಲ್ಲಿ ಬಿಳಿ ಕಾಣುತ್ತದೆ. ಪೂರ್ತಿ ಅರಳಿಲ್ಲ, ಸಂಜೆ ಐದರ ಮಲ್ಲಿಗೆ ಮೊಗ್ಗಿನ ಹಾಗೆ ಬಾಯಿ ಸ್ವಲ್ಪ ತೆರೆದಿದೆ. ನಮ್ಮ ಹೂ ಕೊಳ್ಳುವ ಕಟ್ಟೆಯಲ್ಲಿ ಆದರೆ ಇದನ್ನು ಮೊಗ್ಗು ಅಂತಲೇ ಲೆಕ್ಕ ಹಿಡಿಯುತ್ತಾರೆ, ಹೂ ಅಂತ ಅಲ್ಲ. ಅಜ್ಜಿ ಕನ್ನಡಕ ಹಾಕಿ ನೋಡಿ ಏನೂ ಹೇಳದೆ ಹೋಗಿ ಮೀನು ಕರಿಯಲು ಶುರು ಮಾಡಿದರಂತೆ.

ಹಡಗಿನವ_ಮಲ್ಪೆ · ಡಿಸೆಂಬರ್ 24, ರಾತ್ರಿ 10:58

ಬಾಯಿ, ಹಳೇ ಕ್ಯಾಲೆಂಡರ್ ಹಿಡಿಯಿರಿ. ಅದರಲ್ಲಿ ಕ್ರಿಸ್ಮಸ್ ಜನವರಿ 7ಕ್ಕೆ. ಅದರ ಮುನ್ನಾ ರಾತ್ರಿಗೆ ಇನ್ನೂ 13 ದಿನ ಉಂಟು.

ಬಜ್ಪೆ_ಬಾಯಿ · ಡಿಸೆಂಬರ್ 24, ರಾತ್ರಿ 11:03

ಪೂಜೆಗೆ ಹೊರಟಿದ್ದೇನೆ, ಹೋಗುವ ಮೊದಲು ಒಂದೇ ಪ್ರಶ್ನೆ. ಆ ಕೊಂಬೆಗೆ ಅವಳು ಯಾರ ಹೆಸರಿಟ್ಟಿದ್ದಾಳೆ ಅಂತ ಕೇಳಿದಿರಾ?

ಶಂಕರಪುರ_ಮಲ್ಲಿಗೆ · ಡಿಸೆಂಬರ್ 24, ರಾತ್ರಿ 11:21

ಕೇಳಿದೆ. ಇಷ್ಟು ಹೊತ್ತು ಮೊಗ್ಗು ಮೊಗ್ಗು ಲೆಕ್ಕ ಮಾಡಿ ತೋರಿಸಿದವಳು, ಅಮ್ಮಾ ನೆಟ್‌ವರ್ಕ್ ಇಲ್ಲ ಅಂತ ಇಟ್ಟುಬಿಟ್ಟಳು.